ಹಳೇ ಟ್ರ್ಯಾಕ್ಟರ್ ಇಂಜಿನ್ನಿನ ಬಡಿತ: ಚೇಂಬರ್ (ತಳದ ಆಯಿಲ್ ತೊಟ್ಟಿ) ಇಳಿಸುವ ಮುಂಚೆ ನಾನು ನೋಡಿದ್ದು

ಮೂರು ಸಿಲಿಂಡರಿನ, 35 ಎಚ್‌ಪಿಯ ಹಳೇ ಡೀಸೆಲ್ ಇಂಜಿನ್. ಸ್ಲೋನಲ್ಲಿ ಸದ್ದು ಸಣ್ಣಗೆ. ಆಕ್ಸಿಲರೇಟರ್ ಕೊಟ್ಟು ತಟ್ಟನೆ ಬಿಟ್ಟರೆ ಒಳಗಿಂದ ಸುತ್ತಿಗೆಯಲ್ಲಿ ಗುದ್ದಿದಂತೆ ದಡ್ ದಡ್. ಟ್ರೇಲರ್ ಎಳೆಯುವಾಗ ಇನ್ನೂ ಜೋರು. ಇಂಥ ಸದ್ದಿಗೆ ‘ಬೇರಿಂಗ್ ಹೋಗಿದೆ, ಇಂಜಿನ್ ಬಿಚ್ಚಬೇಕು’ ಎಂದುಬಿಡುವವರೇ ಜಾಸ್ತಿ. ಆದರೆ ಒಂದು ನಾಝಲ್, ಅಂದರೆ ಸಿಲಿಂಡರಿಗೆ ಡೀಸೆಲ್ ಚಿಮ್ಮಿಸುವ ಇಂಜೆಕ್ಟರಿನ ಮೂತಿ, ಕೆಟ್ಟರೂ ಹೆಚ್ಚುಕಡಿಮೆ ಹೀಗೇ ಬಡಿಯುತ್ತದೆ. ಎರಡರ ಖರ್ಚಿಗೂ ಅಜಗಜಾಂತರ. ಹಾಗಾಗಿ ಪಾನಾ ಹಿಡಿಯುವ ಮುಂಚೆ ಇವೆರಡನ್ನು ಬೇರೆ ಮಾಡಿಕೊಳ್ಳಲೇಬೇಕು.

ನಾನು ಮೊದಲು ಎಳೆಯುವುದು ಡಿಪ್‌ಸ್ಟಿಕ್. ಈ ಇಂಜಿನ್ನಿನಲ್ಲಿ ಆಯಿಲ್ ಮೇಲಿನ ಗೆರೆಗಿಂತ ಅರ್ಧ ಇಂಚು ಹೆಚ್ಚಿತ್ತು. ‘ಆಯಿಲ್ ಇಳಿದೇ ಇಲ್ಲ’ ಎಂದು ಸಂತೋಷಪಡುವ ವಿಷಯವಲ್ಲ ಇದು. ಬೆರಳಲ್ಲಿ ತಿಕ್ಕಿದರೆ ಜಿಡ್ಡೇ ಇಲ್ಲ, ಡೀಸೆಲ್ ವಾಸನೆ. ಪೇಪರ್ ಮೇಲೆ ಒಂದು ಹನಿ ಬಿಟ್ಟರೆ ನಡುವೆ ಕಪ್ಪು ಚುಕ್ಕೆ, ಸುತ್ತಲೂ ತೆಳ್ಳಗೆ ಹರಡುತ್ತಲೇ ಹೋಗುವ ಉಂಗುರ. ಈ ಆಯಿಲಿನಲ್ಲಿ ಇಂಜಿನ್ ಓಡಿಸಬಾರದು. ಇಳಿಸಿ, ಹೊಸದು ಹಾಕಿದ ಮೇಲೇ ಮುಂದಿನ ಪರೀಕ್ಷೆ. ಹಳೇ ಫಿಲ್ಟರ್ ಕತ್ತರಿಸಿ ಮಡಿಕೆ ಬಿಡಿಸಿದಾಗ ತಾಮ್ರದ ಬಣ್ಣದ ಪುಡಿ ಮಿಂಚಿತು. ಆಯಸ್ಕಾಂತಕ್ಕೆ ಅದು ಅಂಟಲಿಲ್ಲ. ಅಂದರೆ ಕಬ್ಬಿಣವಲ್ಲ, ಬೇರಿಂಗ್ ಶೆಲ್ಲಿನದಿರಬಹುದು (ಶೆಲ್ ಎಂದರೆ ಬೇರಿಂಗಿನ ಅರ್ಧವೃತ್ತದ ತೆಳು ಪಟ್ಟಿ).

ಅಷ್ಟಕ್ಕೇ ತೀರ್ಮಾನ ಮಾಡಲಿಲ್ಲ. ಫ್ಯಾನ್ ಬೆಲ್ಟ್ ತೆಗೆದು ಒಂದು ನಿಮಿಷ ಮಾತ್ರ ಓಡಿಸಿದೆ. ಸದ್ದು ಹಾಗೇ ಇತ್ತು, ಆದ್ದರಿಂದ ವಾಟರ್ ಪಂಪ್, ಡೈನಮೋ ಅಲ್ಲ. ಕ್ಲಚ್ ತುಳಿದರೂ ಬದಲಾಗಲಿಲ್ಲ. ಟ್ಯಾಪೆಟ್‌ಗಳನ್ನು, ಅಂದರೆ ವಾಲ್ವ್ ಸಂದನ್ನು, ಇಂಜಿನ್ ತಣ್ಣಗಿದ್ದಾಗ 12 ಥೌಗೆ (ಇಂಚಿನ ಸಾವಿರದ 12 ಪಾಲು), ಅಂದರೆ 0.30 ಮಿ.ಮೀ.ಗೆ ಹೊಂದಿಸಿದೆ. ಇದು ಈ ಇಂಜಿನ್ನಿನ ಅಳತೆ, ನಿಮ್ಮದರ ಪುಸ್ತಕ ನೋಡಿಕೊಳ್ಳಿ. ಒಂದು ಸಿಲಿಂಡರ್ ಕಂಪ್ರೆಷನ್‌ನಲ್ಲಿ ಮೇಲೆ ಬಂದಾಗ ಅದರ ಎರಡೂ ವಾಲ್ವ್ ಹೊಂದಿಸಿ, ಕ್ರ್ಯಾಂಕನ್ನು 240 ಡಿಗ್ರಿ ತಿರುಗಿಸಿದರೆ ಫೈರಿಂಗ್ ಆರ್ಡರಿನ (ಉರಿಯುವ ಸರದಿಯ) ಮುಂದಿನ ಸಿಲಿಂಡರ್ ಸಿಗುತ್ತದೆ. ಟ್ಯಾಪೆಟ್ಟಿನ ಟಿಕ್ ಟಿಕ್ ನಿಂತಿತು, ದಡ್ ದಡ್ ನಿಲ್ಲಲಿಲ್ಲ.

ಸದ್ದಿನ ಲಯ ಎಣಿಸಿ ರೋಗ ಹೇಳುವ ಅಭ್ಯಾಸ ನಮ್ಮಲ್ಲಿದೆ. ನಾನು ಅದನ್ನು ನಂಬುವುದಿಲ್ಲ. ಟ್ಯಾಪೆಟ್ ಬಡಿಯುವುದು ಎರಡು ಸುತ್ತಿಗೊಮ್ಮೆ. ನಾಝಲ್ ಬಡಿತವೂ ಅಷ್ಟೇ, ಯಾಕೆಂದರೆ ಒಂದು ಸಿಲಿಂಡರ್ ಉರಿಯುವುದೇ ಎರಡು ಸುತ್ತಿಗೊಮ್ಮೆ.

ನಂಬಬಹುದಾದ ಪರೀಕ್ಷೆ ಇಂಜೆಕ್ಟರ್ ಪೈಪಿನದು. ಸ್ಲೋನಲ್ಲಿ ಓಡುತ್ತಿರುವಾಗ ಇಂಜೆಕ್ಟರ್ ಕಡೆಯ ನಟ್ಟಿಗೆ ದಪ್ಪ ಬಟ್ಟೆ ಸುತ್ತಿ, ಒಂದೊಂದನ್ನೇ ಅರ್ಧ ಸುತ್ತು ಸಡಿಲಿಸಬೇಕು. ಕನ್ನಡಕ ಹಾಕಿಕೊಳ್ಳಿ. ಒತ್ತಡದ ಡೀಸೆಲ್ ಚರ್ಮ ಸೀಳಿ ಒಳಗೆ ಹೋಗುತ್ತದೆ, ಹೋದರೆ ತಕ್ಷಣ ಆಸ್ಪತ್ರೆ. ಬೆರಳು ಅಡ್ಡ ಇಡಲೇಬೇಡಿ. 1 ಮತ್ತು 3 ಸಡಿಲಿಸಿದಾಗ ಇಂಜಿನ್ ನಡುಗಿತು, ಬಡಿತ ಇದ್ದೇ ಇತ್ತು. 2 ಸಡಿಲಿಸಿದ ಕೂಡಲೇ ಬಡಿತ ಮುಕ್ಕಾಲು ಪಾಲು ಅಡಗಿತು.

ಹೆಚ್ಚಿನವರು ಎಡವುವುದು ಇಲ್ಲೇ. ಸದ್ದು ಅಡಗಿತೆಂದರೆ ನಾಝಲ್ ಎಂದು ಬರೆದುಕೊಳ್ಳುತ್ತಾರೆ. ಆದರೆ ಉರಿತ ನಿಂತಾಗ ಪಿಸ್ಟನ್ ಮೇಲಿನ ಹೊಡೆತವೂ ಇಳಿಯುತ್ತದೆ, ಸವೆದ ಬಿಗ್ ಎಂಡ್ ಬೇರಿಂಗೂ (ಕನೆಕ್ಟಿಂಗ್ ರಾಡ್ ಕ್ರ್ಯಾಂಕನ್ನು ಹಿಡಿಯುವ ಕಡೆಯದು) ಸುಮ್ಮನಾಗುತ್ತದೆ. ಈ ಪರೀಕ್ಷೆ ಸಿಲಿಂಡರ್ ಯಾವುದೆಂದು ಹೇಳುತ್ತದೆ, ಭಾಗ ಯಾವುದೆಂದು ಹೇಳುವುದಿಲ್ಲ. ಅದಕ್ಕೆ 2 ಮತ್ತು 3ರ ಇಂಜೆಕ್ಟರ್ ಅದಲುಬದಲು ಮಾಡಿದೆ. ಪ್ರತಿಯೊಂದಕ್ಕೂ ಹೊಸ ತಾಮ್ರದ ವಾಷರ್, ಒಂದೇ ಒಂದು. ಎರಡು ಹಾಕಿದರೆ ನಾಝಲ್ ಮೇಲೆ ಉಳಿದು ಸ್ಪ್ರೇ ಕೆಡುತ್ತದೆ. ಬಡಿತ 3ಕ್ಕೆ ಹೋಗಿದ್ದರೆ ನಾಝಲ್ ರಿಪೇರಿಗೇ ಮುಗಿಯುತ್ತಿತ್ತು. ಅದು 2ರಲ್ಲೇ ಉಳಿಯಿತು. ಮೆಕ್ಯಾನಿಕಲ್ ಗೇಜ್ ಹಾಕಿ ನೋಡಿದರೆ, ಬಿಸಿಯಾದ ಮೇಲೆ ಪೂರ್ತಿ ರೇಸ್‌ನಲ್ಲೂ ಆಯಿಲ್ ಪ್ರೆಷರ್ 2 ಕೆ.ಜಿ. ಮುಟ್ಟಲಿಲ್ಲ. ಆಮೇಲೆ ಚೇಂಬರ್ ಇಳಿಸಿದೆ.

ಕೆಳಗಿನಿಂದ ಕನೆಕ್ಟಿಂಗ್ ರಾಡ್ ಹಿಡಿದು ಅಲ್ಲಾಡಿಸುವಾಗ ದಿಕ್ಕು ಮುಖ್ಯ. ಪಕ್ಕಕ್ಕೆ ಸ್ವಲ್ಪ ಜರುಗುವುದು ಸರಿ, ಅದು ಇರಲೇಬೇಕು. ಮೇಲೆ ಕೆಳಗೆ ಮಾತ್ರ ಕೈಗೆ ತಿಳಿಯುವಷ್ಟು ಆಟ ಇರಬಾರದು. 2ನೆಯದು ಕಟಕ್ ಎಂದಿತು. ಕ್ಯಾಪ್ ಬಿಚ್ಚಿದರೆ ಶೆಲ್ಲಿನ ಬೂದು ಪದರ ಸವೆದು ತಾಮ್ರ ಕಾಣುತ್ತಿತ್ತು. ಮೈಕ್ರೋಮೀಟರಿನಲ್ಲಿ ಜರ್ನಲ್ (ಶೆಲ್ ಕೂರುವ ಕ್ರ್ಯಾಂಕಿನ ದುಂಡು ಭಾಗ) ಒಂದು ಕಡೆ 57.08 ಮಿ.ಮೀ., ಅಡ್ಡಕ್ಕೆ 57.00. ಇಷ್ಟು ಅಂಡಾಕಾರವಾದ ಜರ್ನಲ್ಲಿಗೆ ಹೊಸ ಶೆಲ್ ಹಾಕಿದರೆ ಬೇಗನೇ ಮತ್ತೆ ಬಡಿಯುತ್ತದೆ. ಕ್ರ್ಯಾಂಕ್ ಗ್ರೈಂಡಿಂಗ್ ಮಾಡಿಸಿ ಅದಕ್ಕೆ ತಕ್ಕ ಅಂಡರ್‌ಸೈಜ್ ಶೆಲ್ಲನ್ನೇ ಹಾಕಬೇಕು. ಕ್ಯಾಪ್ ಉಜ್ಜುವುದು, ಶೆಲ್ಲಿನ ಹಿಂದೆ ತಗಡು, ಕಾಗದ ಇಡುವುದು ಬೇಡವೇ ಬೇಡ. ಸದ್ದು ಕೆಲ ದಿನ ಅಡಗಬಹುದು, ಆದರೆ ಶೆಲ್ ದುಂಡಗಿರುವುದಿಲ್ಲ, ಶಾಖ ರಾಡಿಗೆ ದಾಟುವುದಿಲ್ಲ, ಒಂದು ದಿನ ಬೇರಿಂಗ್ ಕಚ್ಚಿಕೊಳ್ಳುತ್ತದೆ. ಗ್ರೈಂಡಿಂಗ್ ಆದ ಮೇಲೆ ಕ್ರ್ಯಾಂಕಿನ ಆಯಿಲ್ ತೂತುಗಳನ್ನು ತಂತಿ ಹಾಕಿ ಸೀಮೆಎಣ್ಣೆಯಲ್ಲಿ ತೊಳೆಯಿರಿ.

ಇನ್ನು ಆ ಡೀಸೆಲ್. ಟ್ಯಾಂಕಿನಿಂದ ಡೀಸೆಲ್ ಎಳೆಯುವ ಫೀಡ್ ಪಂಪ್ ಬಿಚ್ಚಿ, ಅದರೊಳಗಿನ ಡಯಾಫ್ರಮ್ಮನ್ನು (ಪೊರೆಯನ್ನು) ಬೆಳಕಿಗೆ ಹಿಡಿದರೆ ಅಂಚಿನಲ್ಲಿ ಉಗುರಗಲ ಸೀಳು. ಅದರಿಂದ ಹನಿಹನಿಯಾಗಿ ಡೀಸೆಲ್ ಚೇಂಬರಿಗೆ ಇಳಿದು ಆಯಿಲ್ ತೆಳ್ಳಗಾಗಿತ್ತು. ಬೇರಿಂಗ್ ತಿಂದದ್ದು ಅದೇ. ಇದನ್ನು ಬಿಟ್ಟು ಶೆಲ್ ಮಾತ್ರ ಬದಲಿಸಿದ್ದರೆ ಹೊಸ ಶೆಲ್ಲಿಗೂ ಅದೇ ಗತಿ.

ಜೋಡಿಸಿದ ಮೇಲೆ ಸ್ಟಾಪ್ ಎಳೆದಿಟ್ಟು, ಗೇಜಿನ ಮುಳ್ಳು ಏಳುವವರೆಗೆ ಬಿಟ್ಟುಬಿಟ್ಟು ಸೆಲ್ಫ್ ಹೊಡೆದು, ಆಮೇಲೆ ಸ್ಟಾರ್ಟ್ ಮಾಡಿದೆ. ಆಯಿಲನ್ನು ಬೇಕೆಂದೇ ಮೇಲಿನ ಗೆರೆಗಿಂತ ಒಂದು ಕೂದಲೆಳೆ ಕೆಳಗೆ ಬಿಟ್ಟು, ಅಲ್ಲಿಗೆ ಡಿಪ್‌ಸ್ಟಿಕ್ಕಿನ ಮೇಲೆ ಗೀರು ಹಾಕಿಟ್ಟೆ. ಹತ್ತು ಗಂಟೆ ಕೆಲಸದ ನಂತರ ಆಯಿಲ್ ಆ ಗೀರು ದಾಟಿರಲಿಲ್ಲ, ಅಂದರೆ ಡೀಸೆಲ್ ಇಳಿಯುವುದು ನಿಂತಿತ್ತು.