ಬಳ್ಳಾರಿ ಬಿಸಿಲಿಗೆ ಹಳದಿ ಬಿಟ್ಟ ನಿಂಟೆಂಡೊ: ನನ್ನ ಅನುಭವ

ಕಳೆದ ಏಪ್ರಿಲ್‌ನಲ್ಲಿ ನಮ್ಮ ಮನೆ ಮಾಳಿಗೆ ಮೇಲೆ ನಿಂಟೆಂಡೊ ಕಂಪನಿಯ ಹಳೇ ಟಿವಿ ಗೇಮ್ ಸೂಪರ್ ಫ್ಯಾಮಿಕಾಮ್‌ನ ಹಳದಿಗಟ್ಟಿದ್ದ ಮೂರು ಮುಚ್ಚಳಗಳು ಒಂದೇ ದಿನದಲ್ಲಿ ಹಳದಿ ಬಿಟ್ಟು ಬೂದು ಬಣ್ಣಕ್ಕೆ ಬಂದವು. ಎರಡು ವರ್ಷದಿಂದ ಗೆಳೆಯರೆಲ್ಲ ಒಂದೇ ಮಾತು ಹೇಳುತ್ತಿದ್ದರು: "ಬಳ್ಳಾರಿ ಬಿಸಿಲಿಗೆ ಪ್ಲಾಸ್ಟಿಕ್ ಇನ್ನೂ ಹಳದಿಯಾಗುತ್ತೆ, ಇಲ್ಲಾ ಬಾಗುತ್ತೆ. ಬಿಟ್ಟುಬಿಡು." ಅವರಿಗೆ ಫೋಟೊ ಕಳಿಸಿದೆ. ಇಬ್ಬರು ಬಣ್ಣ ಹೊಡೆದಿದ್ದೀಯ ಅಂದರು. ಒಬ್ಬ ಬೆಂಗಳೂರಿನಿಂದ ಹಂಪಿ ಎಕ್ಸ್‌ಪ್ರೆಸ್ ಹತ್ತಿ ಬಂದು ಉಗುರಿನಿಂದ ಕೆರೆದು ನೋಡಿದ. ಬಣ್ಣ ಏಳಲಿಲ್ಲ. ಅವನೇ ಇದನ್ನೆಲ್ಲ ಬರೆದಿಡು ಅಂದ.

ಬಿಚ್ಚುವುದು, ಜೋಡಿಸುವುದು, ನಿಂಟೆಂಡೊ ಸ್ಕ್ರೂ ತೆಗೆಯುವ 3.8 ಎಂಎಂ ಬಿಟ್, ಇವೆಲ್ಲ ಹಳೇ ಗೇಮ್ ರಿಪೇರಿ ಮಾಡುವವರಿಗೆ ಗೊತ್ತೇ ಇದೆ. ಅದನ್ನು ಬಿಡುತ್ತೇನೆ.

ನಾನು ಟಿವಿ ರಿಪೇರಿಯವನು. ಚಿಕ್ಕವನಿದ್ದಾಗ ಆಡಿದ್ದು ನಕಲಿ ಟಿವಿ ಗೇಮ್. ಅದರ ಕ್ಯಾಸೆಟ್ ಬಿಚ್ಚಿದರೆ ಒಳಗೆ ಕರಿ ಬೊಟ್ಟಿನಂಥ ಚಿಪ್ ಇರುತ್ತಿತ್ತಲ್ವಾ, ಅದೇ. ಆ ಕ್ಯಾಸೆಟ್ಟಿನ 60 ಪಿನ್ನಿನ ಅಳತೆ 1983ರ ಜಪಾನಿನ ನಿಂಟೆಂಡೊ ಟಿವಿ ಗೇಮ್ ಫ್ಯಾಮಿಕಾಮ್‌ನದು ಅಂತ ತಿಳಿದದ್ದು ಎಷ್ಟೋ ವರ್ಷದ ಮೇಲೆ. ಅಸಲಿ ಫ್ಯಾಮಿಕಾಮ್ ಕೈಗೆ ಬಂದ ದಿನ ನನ್ನ ಹಳೇ ಕ್ಯಾಸೆಟ್ಟನ್ನೇ ಅದಕ್ಕೆ ಹಾಕಿದೆ. ಓಡಿತು. ಆ ಸಂತೋಷಕ್ಕೇ ನಿಂಟೆಂಡೊ ಸರಕನ್ನೆಲ್ಲ ಹುಟ್ಟಿದ ಕ್ರಮದಲ್ಲಿ ಜೋಡಿಸಬೇಕು ಅಂತ ಹೊರಟೆ.

1889ರಲ್ಲಿ ಕ್ಯೋಟೊದಲ್ಲಿ ಹನಫುಡಾ ಅನ್ನುವ ಹೂವಿನ ಚಿತ್ರದ ಇಸ್ಪೀಟು ಎಲೆಗಳನ್ನು ಮಾಡುತ್ತಾ ಶುರುವಾದ ಕಂಪನಿ ಅದು. ಎಲೆ ಮಾಡುವ ಯಂತ್ರ ನೋಡಿಕೊಳ್ಳಲು 1965ರಲ್ಲಿ ಗುನ್‌ಪೇ ಯೊಕೊಯಿ ಸೇರಿದರು. ಬಿಡುವಿನಲ್ಲಿ ಅವರು ಚಾಚಿ ಹಿಡಿಯುವ ಒಂದು ಕೈ ಮಾಡಿಕೊಂಡಿದ್ದರು. ಅದೇ ಮರುವರ್ಷ ಅಲ್ಟ್ರಾ ಹ್ಯಾಂಡ್ ಆಟಿಕೆಯಾಗಿ ಹತ್ತು ಲಕ್ಷಕ್ಕೂ ಜಾಸ್ತಿ ಮಾರಾಟವಾಯಿತು. ಯಂತ್ರ ದುರಸ್ತಿಯವರೊಬ್ಬರು ಇಸ್ಪೀಟು ಕಂಪನಿಯನ್ನು ಆಟಿಕೆ ಕಡೆ ತಿರುಗಿಸಿದರು ಅನ್ನುವುದು ನನಗೆ ಬಹಳ ಹೆಮ್ಮೆಯ ವಿಷಯ. ಅಲ್ಟ್ರಾ ಹ್ಯಾಂಡ್ ಇನ್ನೂ ನನಗೆ ಸಿಕ್ಕಿಲ್ಲ. ಶೆಲ್ಫಿನ ಮೊದಲ ಜಾಗ ಅದಕ್ಕೇ ಖಾಲಿ ಬಿಟ್ಟಿದ್ದೇನೆ.

ಯಾವುದು ಯಾವ ವರ್ಷದ್ದು ಅಂತ ಗೊತ್ತಿದ್ದರೆ ರೋಗವೂ ಗೊತ್ತಾಗುತ್ತದೆ. 1980ರಲ್ಲಿ ಶುರುವಾದ, ಕೈಯಲ್ಲಿ ಹಿಡಿದು ಆಡುವ ಗೇಮ್ ಅಂಡ್ ವಾಚ್‌ನ ಮುಖ ಲೋಹದ ತಗಡು, ಒಳಗೆ ಎಲ್‌ಸಿಡಿ ಪರದೆ. ಅದನ್ನು ಬಿಸಿಲಿಗೂ ತೋರಿಸಬೇಡಿ. ಅದರ ಕಾಟ ಸೋರಿದ ಗುಂಡಿ ಸೆಲ್. ವಿನೆಗರ್ ಹಚ್ಚಿದ ಕಿವಿಕಡ್ಡಿ ಸಾಕು. ಪ್ಲಸ್ ಆಕಾರದ ಗುಂಡಿ ಮೊದಲು ಬಂದ ಅದೇ ಸರಣಿಯ 1982ರ ಡಾಂಕಿ ಕಾಂಗ್ ನನ್ನ ಹತ್ತಿರ ಇದೆ, ಎರಡು ಪರದೆಯದು, ಇವತ್ತಿಗೂ ಓಡುತ್ತದೆ. ಫ್ಯಾಮಿಕಾಮ್‌ನಲ್ಲಿ ಮೊದಮೊದಲ ಕಂಟ್ರೋಲರಿಗೆ ಚೌಕದ ರಬ್ಬರ್ ಗುಂಡಿ ಇತ್ತು. ಅದು ಸಿಕ್ಕಿಹಾಕಿಕೊಳ್ಳುತ್ತದೆ ಅಂತ ಆಮೇಲೆ ಗುಂಡಗಿನ ಗಟ್ಟಿ ಗುಂಡಿ ಮಾಡಿದರು. ಚೌಕದ್ದು ಸಿಕ್ಕರೆ ಬಿಡಬೇಡಿ. ಆದರೆ ಅದರ ಮರೂನ್ ಭಾಗಗಳನ್ನು ಹಳದಿ ತೆಗೆಯುವ ಪೆರಾಕ್ಸೈಡ್ ದ್ರಾವಣಕ್ಕೆ ಹಾಕಬೇಡಿ, ಬಣ್ಣ ಮಂಕಾಗುತ್ತದೆ. ನಾನು ಒಂದು ಹಾಳು ಮಾಡಿಕೊಂಡೆ.

ನಿಜವಾದ ತಲೆನೋವು 1990ರ ಸೂಪರ್ ಫ್ಯಾಮಿಕಾಮ್. ಮೇಲಿನ ಅರ್ಧ ಚಹಾ ಬಣ್ಣ, ಕೆಳಗಿನ ಅರ್ಧ ಹೊಸದರ ಹಾಗೆ. ಒಂದೇ ಡಬ್ಬಿ, ಒಂದೇ ವಯಸ್ಸು. ಜಪಾನಿನಿಂದ ಕೆಟ್ಟು ನಿಂತ ಐದರ ಲಾಟ್ ತರಿಸಿದೆ. ಸಾಗಣೆ, ಸುಂಕ ಎಲ್ಲ ಸೇರಿ ಸುಮಾರು 19 ಸಾವಿರ ಬಿತ್ತು. ಮಾರಿದವನು ತೋರಿಸಿದ ಫೋಟೊದಲ್ಲಿ ಬೂದು ಬಣ್ಣ, ಬಂದದ್ದು ಅರಿಶಿನದ ಬಣ್ಣ. ಜೊತೆಗೆ ಬಂದ 100 ವೋಲ್ಟಿನ ಅಡಾಪ್ಟರನ್ನು ಅವಸರದಲ್ಲಿ ನಮ್ಮ 230ಕ್ಕೆ ಹಾಕಿ ಸುಟ್ಟೆ. ಅದು ಬೇರೆ ಲೆಕ್ಕ.

ಮೊದಲು ಪಾರ್ಲರಿನವರು ಕೂದಲಿಗೆ ಬಳಸುವ 40 ವಾಲ್ಯೂಮ್ ಪೆರಾಕ್ಸೈಡ್ ಕ್ರೀಮ್ ಹಚ್ಚಿ, ಪ್ಲಾಸ್ಟಿಕ್ ಹಾಳೆ ಸುತ್ತಿ ಬಿಸಿಲಿಗಿಟ್ಟೆ. ಹಳದಿ ಹೋಯಿತು, ಆದರೆ ಮೋಡ ಮೋಡವಾಗಿ ಕಲೆ ಉಳಿಯಿತು. ಹಾಳೆ ಎಲ್ಲಿ ಸುಕ್ಕಾಗಿತ್ತೋ ಅಲ್ಲೆಲ್ಲ ಗೆರೆ. ಆ ಮುಚ್ಚಳ ಇನ್ನೂ ಹಾಗೇ ಇದೆ. ಆಮೇಲೆ ಬ್ಲೀಚಿಂಗ್ ದ್ರಾವಣ. ಏನೂ ಆಗಲಿಲ್ಲ, ವಾಸನೆ ಬಿಟ್ಟರೆ.

ನಮ್ಮೂರಲ್ಲಿ ಜೀನ್ಸ್ ವಾಷಿಂಗ್ ಯೂನಿಟ್‌ಗಳಿಗೆ ಕೊರತೆ ಇಲ್ಲ. ಅವರಿಗೆ ಕೆಮಿಕಲ್ ಮಾರುವ ಅಂಗಡಿಯಲ್ಲಿ 50 ಪರ್ಸೆಂಟಿನ ಹೈಡ್ರೋಜನ್ ಪೆರಾಕ್ಸೈಡ್ ಸಿಕ್ಕಿತು. ಐದು ಲೀಟರಿಗೆ ನಾಲ್ಕುನೂರರ ಆಸುಪಾಸು. ಪಾರ್ಲರ್ ಕ್ರೀಮಿಗೆ ಹೋಲಿಸಿದರೆ ಪುಕ್ಕಟೆ. ಕೈಗವಸು, ಕನ್ನಡಕ ಇಲ್ಲದೆ ಮುಟ್ಟಬೇಡಿ. ನನ್ನ ಹೆಬ್ಬೆರಳಿಗೆ ಒಂದು ಹನಿ ಬಿದ್ದು ಚರ್ಮ ಸುಣ್ಣದಂತೆ ಬೆಳ್ಳಗಾಗಿ ಅರ್ಧ ದಿನ ಉರಿಯಿತು. ಕ್ಯಾನಿನ ಮುಚ್ಚಳವನ್ನೂ ಬಿಗಿಯಾಗಿ ತಿರುಗಿಸಿದ್ದೆ. ಸೆಕೆಗೆ ಕ್ಯಾನ್ ಬಲೂನಿನಂತೆ ಉಬ್ಬಿತ್ತು.

ಟಬ್ಬಿಗೆ ಬೋರ್‌ವೆಲ್ ನೀರು ಹಾಕಿ ಬೆರೆಸಿದೆ. ಗುಳ್ಳೆಯೋ ಗುಳ್ಳೆ. ಕೆಲಸ ಜೋರಾಗಿ ನಡೆದಿದೆ ಅಂದುಕೊಂಡೆ. ಸಂಜೆ ನೋಡಿದರೆ ಹಳದಿ ಇದ್ದಲ್ಲೇ ಇತ್ತು. ಹೀಗೆ ಮೂರು ಸಲ, ಎರಡೂವರೆ ಲೀಟರ್ ಹಾಳು. ಕೊನೆಗೆ ವಾಷಿಂಗ್ ಯೂನಿಟ್ಟಿನ ಹಿರಿಯರೊಬ್ಬರನ್ನು ಕೇಳಿದೆ. "ತಮ್ಮಾ, ಬೋರಿನ ನೀರು ಹಾಕೀಯೇನು? ಅದರಾಗ ಕಬ್ಬಿಣ ಐತಿ. ಪೆರಾಕ್ಸೈಡೆಲ್ಲ ಸುಮ್ನ ಉಕ್ಕಿ ಹೋಗ್ತೈತಿ" ಅಂದರು. ಬಟ್ಟೆಯ ಮೇಲೆ ಮೂವತ್ತು ವರ್ಷ ಕಲಿತದ್ದನ್ನು ಒಂದು ಮಾತಿನಲ್ಲಿ ಕೊಟ್ಟರು. ನಮ್ಮ ಕಡೆ ಹಾರುವ ಕೆಂಪು ಧೂಳೂ ಅದಿರಿನದೇ ಅಲ್ವಾ. ತೆರೆದಿಟ್ಟ ಟಬ್ಬಿಗೆ ಅದು ಬಿದ್ದರೂ ಇದೇ ಗತಿ.

ಅವತ್ತಿನಿಂದ ಫಿಲ್ಟರ್ ನೀರಿನ ಕ್ಯಾನ್. ಮೂರೂವರೆ ಲೀಟರ್ ನೀರಿಗೆ ಅರ್ಧ ಲೀಟರ್ ಪೆರಾಕ್ಸೈಡ್. ಟಬ್ಬಿನ ಬಾಯಿಗೆ ಗಾಜು, ಆದರೆ ಗಾಳಿ ಹೋಗಲು ಸಂದಿ ಇರಲಿ. ಲೋಹದ ಸ್ಕ್ರೂ, ಸ್ಪ್ರಿಂಗ್ ಒಂದೂ ಒಳಗೆ ಉಳಿಯಬಾರದು. ಬಣ್ಣದ ಗುಂಡಿಗಳನ್ನು ಮೊದಲೇ ತೆಗೆಯಿರಿ.

ಮಾರ್ಚ್‌ನಲ್ಲಿ ಇಷ್ಟೆಲ್ಲ ಸರಿಯಾಗಿ ಮಾಡಿ ಟಬ್ಬನ್ನು ತಗಡಿನ ಮೇಲಿಟ್ಟೆ. ಮುಚ್ಚಳ ತೇಲದಿರಲಿ ಎಂದು ಕಲ್ಲು ಹೇರಿದ್ದೆ. ಬಣ್ಣ ಪೂರ್ತಿ ಬಂತು, ಮುಚ್ಚಳ ಬಾಗಿತ್ತು. ಗೆಳೆಯರ ಮಾತು ನಿಜವಾಯಿತು ಅನಿಸಿ ಅವತ್ತು ಊಟ ಸೇರಲಿಲ್ಲ. ತಪ್ಪು ಬಿಸಿಲಿನದಲ್ಲ, ಕೆಳಗೆ ಕಾದ ತಗಡಿನದು. ಈಗ ಟಬ್ಬಿನ ಕೆಳಗೆ ಒದ್ದೆ ಗೋಣಿಚೀಲ ಹಾಸುತ್ತೇನೆ. ಬೆಳಿಗ್ಗೆ ಎಂಟಕ್ಕೆ ಇಟ್ಟು ಹನ್ನೆರಡಕ್ಕೆ ನೆರಳಿಗೆ ತರುತ್ತೇನೆ, ಮೂರಕ್ಕೆ ಮತ್ತೆ ಬಿಸಿಲಿಗೆ. ಅರ್ಧ ಗಂಟೆಗೊಮ್ಮೆ ತಿರುವಿ ಹಾಕಬೇಕು. ಕಲ್ಲಿನ ಬದಲು ಮುಚ್ಚಳ ಮುಳುಗಿಸಿಡಲು ಏನು ಬಳಸುತ್ತೇನೆ, ನೀರಿಗೆ ಇನ್ನೊಂದು ಯಾವ ಪುಡಿ ಚಿಟಿಕೆ ಹಾಕುತ್ತೇನೆ, ಅದು ನನ್ನ ಹತ್ತಿರವೇ ಇರಲಿ. ಎರಡು ವರ್ಷದ ಶ್ರಮ ಅದು.

ನಡುವೆ ಒಂದು ಪ್ರಯೋಗ. ಒಂದು ಡಬ್ಬಿಯ ಮೂಲೆ ಒಡೆದಿತ್ತು. ಕೊಪ್ಪಳದ ಕಿನ್ನಾಳಕ್ಕೆ ಹೋಗಿ ಅಲ್ಲಿನ ಗೊಂಬೆ ಕಲಾವಿದರ ಹತ್ತಿರ ಕಿಟ್ಟ ಕೇಳಿ ತಂದೆ. ಮರದ ಹೊಟ್ಟು, ಹುಣಸೆ ಬೀಜದ ಅಂಟು ಹಾಕಿ ಅವರು ಗೊಂಬೆಗೆ ಬಳಸುವ ಮಿಶ್ರಣ. ಮೂಲೆ ಚೆನ್ನಾಗಿ ತುಂಬಿತು, ಉಜ್ಜಿದರೆ ನುಣುಪು ಬಂತು. ಜುಲೈ ತಂಪಿಗೆ ಒಂದೇ ತುಂಡಾಗಿ ಕಳಚಿ ಬಿತ್ತು. ಮರವನ್ನು ಹಿಡಿಯುವಂತೆ ಅದು ಪ್ಲಾಸ್ಟಿಕ್ಕನ್ನು ಹಿಡಿಯುವುದಿಲ್ಲ. ಆ ಸಲ ತಂದ ಗರುಡನ ಗೊಂಬೆ ಮಾತ್ರ ಶೆಲ್ಫಿನ ಮೇಲೆ ಫ್ಯಾಮಿಕಾಮ್ ಪಕ್ಕ ನಿಂತಿದೆ.

ಒಟ್ಟು ಖರ್ಚು 30 ಸಾವಿರ ದಾಟಿದೆ. ಐದು ಮುಚ್ಚಳದಲ್ಲಿ ಮೂರು ಗೆದ್ದವು. ಒಂದನ್ನು ಕೆರೆದು ನೋಡಿದ ಗೆಳೆಯನೇ ಏಳೂವರೆ ಸಾವಿರಕ್ಕೆ ಒಯ್ದ. ಮುಂದಿನ ಸರದಿ 1989ರ ಗೇಮ್ ಬಾಯ್. ಪರದೆಯ ಮೇಲೆ ಮೂಡುತ್ತಿದ್ದ ಗೆರೆಗಳನ್ನು, ಅದರ ರಿಬ್ಬನ್ ತಂತಿಯ ಮೇಲೆ ಬಿಸಿ ಬೆಸುಗೆ ಕಡ್ಡಿ ಆಡಿಸಿ ಆಗಲೇ ಸರಿ ಮಾಡಿದ್ದೇನೆ. ಮೈ ಮಾತ್ರ ಹಳದಿ ಇದೆ. ಮೋಡದ ದಿನಗಳಲ್ಲಿ ಕೈ ಹಾಕುವುದಿಲ್ಲ, ಮಾರ್ಚ್ ಬರಲಿ.