ಬ್ಯಾಲನ್ ಡಿ'ಓರ್ ಅಂಕಪಟ್ಟಿ ಓದುವುದು ಹೇಗೆ?

ವರ್ಷದ ಶ್ರೇಷ್ಠ ಫುಟ್‌ಬಾಲ್ ಆಟಗಾರನಿಗೆ ಕೊಡುವ ಬ್ಯಾಲನ್ ಡಿ'ಓರ್ ಪ್ರಶಸ್ತಿಯ ಮತದಾನದಲ್ಲಿ 2024ರಲ್ಲಿ ರೋಡ್ರಿಗೆ 1170 ಅಂಕ, 2022ರಲ್ಲಿ ಕರೀಂ ಬೆಂಜೆಮಾಗೆ 549. ಹಾಗಾದರೆ ರೋಡ್ರಿಯದ್ದು ಎರಡು ಪಟ್ಟು ದೊಡ್ಡ ಗೆಲುವು ಎಂದು ವಾದಿಸುವವರು ಬೇಕಾದಷ್ಟು ಮಂದಿ ಸಿಗುತ್ತಾರೆ. ನಿಜ ಸಂಗತಿ ಇದಕ್ಕೆ ತದ್ವಿರುದ್ಧ. ಈ ಪ್ರಶಸ್ತಿಯ ನಿಯಮಗಳು ಎಷ್ಟೋ ಸಲ ಬದಲಾಗಿವೆ. ಆಯಾ ವರ್ಷದ ಅಂಕವನ್ನು ಆಯಾ ವರ್ಷದ ಅಳತೆಗೋಲಿನಲ್ಲೇ ಅಳೆಯಬೇಕು.

ಮೊದಲು, ಯಾವ ಪ್ರಶಸ್ತಿ ಎಂದು ಖಚಿತ ಮಾಡಿಕೊಳ್ಳಿ. ಬ್ಯಾಲನ್ ಡಿ'ಓರ್ ಫ್ರಾನ್ಸ್ ಫುಟ್‌ಬಾಲ್ ಪತ್ರಿಕೆಯದು, 1956ರಿಂದ ಇದೆ. 'ದಿ ಬೆಸ್ಟ್' ವಿಶ್ವ ಫುಟ್‌ಬಾಲ್ ಸಂಸ್ಥೆ ಫಿಫಾ ಕೊಡುವ ಬೇರೆ ಪ್ರಶಸ್ತಿ. 2010ರಿಂದ 2015ರವರೆಗೆ ಫಿಫಾ ಮತ್ತು ಪತ್ರಿಕೆ ಸೇರಿ ಒಂದೇ ಪ್ರಶಸ್ತಿ ಕೊಟ್ಟವು; ಆಗ ಪತ್ರಕರ್ತರ ಜೊತೆಗೆ ರಾಷ್ಟ್ರೀಯ ತಂಡಗಳ ನಾಯಕರು, ಕೋಚ್‌ಗಳೂ ಮತ ಹಾಕಿದರು. ಅದರ ಪರಿಣಾಮ ಸಣ್ಣದಲ್ಲ. 2010ರಲ್ಲಿ ಪತ್ರಕರ್ತರ ಮತವನ್ನಷ್ಟೇ ಎಣಿಸಿದ್ದರೆ ವೆಸ್ಲಿ ಸ್ನೈಡರ್ ಗೆಲ್ಲುತ್ತಿದ್ದರು. ಎಲ್ಲ ಮತ ಕೂಡಿಸಿದಾಗ ಅವರು ನಾಲ್ಕನೆಯವರಾದರು, ಮೆಸ್ಸಿ ಗೆದ್ದರು. ಈ ಆರು ವರ್ಷಗಳಿಗೆ ನಿಮ್ಮ ಪಟ್ಟಿಯಲ್ಲಿ ಬೇರೆಯೇ ಬಣ್ಣ ಹಚ್ಚಿ.

ಎರಡನೆಯದು ಅರ್ಹತೆ. 1994ರವರೆಗೆ ಯುರೋಪಿನ ಆಟಗಾರರಿಗೆ ಮಾತ್ರ. 1995ರಿಂದ ಯುರೋಪಿನ ಕ್ಲಬ್‌ಗಳಲ್ಲಿ ಆಡುವ ಯಾವ ದೇಶದವರಿಗೂ ಅವಕಾಶ ಸಿಕ್ಕಿತು. ಆ ವರ್ಷವೇ ಲೈಬೀರಿಯಾದ ಜಾರ್ಜ್ ವೇಯಾ ಗೆದ್ದರು. 2007ರಿಂದ ಕ್ಲಬ್ಬಿನ ನಿರ್ಬಂಧವೂ ಹೋಯಿತು. ಪೆಲೆ, ಮರಡೋನಾ ಹೆಸರಿನ ಮುಂದೆ 'ಸೊನ್ನೆ' ಎಂದು ಬರೆದ ಹೋಲಿಕೆ ಚಿತ್ರಗಳು ಫೋನಿಗೆ ಬರುತ್ತವಲ್ಲ, ಅವನ್ನು ಮುಂದಕ್ಕೆ ಕಳಿಸಬೇಡಿ. ಅವರು ಸೋತವರಲ್ಲ, ಸ್ಪರ್ಧೆಯಲ್ಲೇ ಇರಲಿಲ್ಲ.

ಮೂರನೆಯದು ಅವಧಿ. ಹಿಂದೆ ಜನವರಿಯಿಂದ ಡಿಸೆಂಬರ್ ಲೆಕ್ಕವಿತ್ತು. 2022ರಿಂದ ಆಗಸ್ಟ್‌ನಿಂದ ಜುಲೈವರೆಗಿನ ಋತು. 2022ರ ಡಿಸೆಂಬರಿನಲ್ಲಿ ಕತಾರ್‌ನಲ್ಲಿ ಗೆದ್ದ ವಿಶ್ವಕಪ್ ಮೆಸ್ಸಿಗೆ 2023ರ ಬ್ಯಾಲನ್ ಡಿ'ಓರ್ ಲೆಕ್ಕಕ್ಕೆ ಬಂದದ್ದು ಹೀಗೆ. 2023ರ ಫಿಫಾ ಪ್ರಶಸ್ತಿಯ ಅವಧಿ 2022ರ ಡಿಸೆಂಬರ್ 19ರಿಂದ, ಅಂದರೆ ಫೈನಲ್‌ನ ಮರುದಿನದಿಂದ ಶುರುವಾಯಿತು. ಇಡೀ ವರ್ಷದ ಗೋಲುಗಳನ್ನು ಕೂಡಿಸಿ ವಾದ ಮಾಡುವ ಮೊದಲು ದಿನಾಂಕ ನೋಡಿ.

ಇನ್ನು ಎಲ್ಲರೂ ಎಡವುವ ಜಾಗ: ಅಂಕ.

2022ರಲ್ಲಿ ಮತದಾರರ ಸಂಖ್ಯೆಯನ್ನು ಇಳಿಸಲಾಯಿತು. ಪುರುಷರ ಪ್ರಶಸ್ತಿಗೆ ಫಿಫಾ ರ‍್ಯಾಂಕಿಂಗ್‌ನ ಮೊದಲ 100 ದೇಶಗಳಿಂದ ತಲಾ ಒಬ್ಬ ಪತ್ರಕರ್ತ. ಆಗ ಒಬ್ಬೊಬ್ಬರು ಐದು ಹೆಸರು ಬರೆಯುತ್ತಿದ್ದರು. ಅವಕ್ಕೆ ಕ್ರಮವಾಗಿ 6, 4, 3, 2, 1 ಅಂಕ. ಎಲ್ಲರೂ ಒಬ್ಬನನ್ನೇ ಮೊದಲಿಗೆ ಬರೆದರೂ ಸಿಗುವುದು 600. ಬೆಂಜೆಮಾ ಪಡೆದದ್ದು 549, ಅಂದರೆ ಶೇ 91.5. 2024ರಿಂದ ಹತ್ತು ಹೆಸರು. ಅಂಕ 15, 12, 10, 8, 7, 5, 4, 3, 2, 1. ಆ ವರ್ಷ 99 ಮಂದಿ ಮತ ಹಾಕಿದ್ದರು, ಗರಿಷ್ಠ 1485. ರೋಡ್ರಿಯ 1170 ಅಂದರೆ ಶೇ 79ರ ಹತ್ತಿರ. ಅಂಕ ಕಂಡ ಕೂಡಲೇ ಗರಿಷ್ಠದಿಂದ ಭಾಗಿಸಿ. ಆಮೇಲೆ ಮಾತ್ರ ವರ್ಷ ವರ್ಷವನ್ನು ಹೋಲಿಸಿ.

ಹೊಸ ಅಂಕಕ್ರಮದಲ್ಲಿ ಇನ್ನೊಂದು ಸೂಕ್ಷ್ಮವಿದೆ. ಮೊದಲು ಎರಡನೇ ಸ್ಥಾನಕ್ಕೆ ಮೊದಲನೆಯದರ ಮೂರರಲ್ಲಿ ಎರಡು ಭಾಗ ಸಿಗುತ್ತಿತ್ತು, ಈಗ ಐದರಲ್ಲಿ ನಾಲ್ಕು ಭಾಗ. ಹಾಗಾಗಿ ಎಲ್ಲರ ಪಟ್ಟಿಯಲ್ಲೂ ಮೇಲೆ ಉಳಿಯುವವನಿಗೆ ಲಾಭ, ಹಲವರ ಪಟ್ಟಿಯಲ್ಲಿ ಕೆಳಕ್ಕೆ ಜಾರುವವನಿಗೆ ಪೆಟ್ಟು. 2024ರಲ್ಲಿ ವಿನೀಸಿಯಸ್ ಜೂನಿಯರ್ 1129 ಅಂಕದೊಂದಿಗೆ ಎರಡನೆಯವರಾದರು, ಅಂತರ 41. ಮೂರು, ನಾಲ್ಕನೇ ಸ್ಥಾನಗಳಲ್ಲಿದ್ದ ಬೆಲ್ಲಿಂಗ್‌ಹ್ಯಾಮ್, ಕಾರ್ವಹಾಲ್ ಇಬ್ಬರೂ ಅವರ ರಿಯಲ್ ಮ್ಯಾಡ್ರಿಡ್ ತಂಡದವರೇ. ಒಬ್ಬ ಮತದಾರ ರೋಡ್ರಿಯ ಕೆಳಗೆ ಆ ಇಬ್ಬರನ್ನು ಬರೆದು ವಿನೀಸಿಯಸ್‌ಗೆ ನಾಲ್ಕನೇ ಸ್ಥಾನ ಕೊಟ್ಟ ಎನ್ನಿ: ಸಿಗುವುದು 12ರ ಬದಲು 8, ಅಂದರೆ 4 ಅಂಕ ಖೋತಾ. ಇಂಥ 11 ಪಟ್ಟಿಗಳಾದರೆ 44 ಅಂಕ, ಅಂತರಕ್ಕಿಂತ ಹೆಚ್ಚು. ಒಂದೇ ಕ್ಲಬ್ಬಿನ ಮೂವರು ಚೆನ್ನಾಗಿ ಆಡಿದ ವರ್ಷ ಭವಿಷ್ಯ ಹೇಳುವಾಗ ಈ ಲೆಕ್ಕವನ್ನು ಮರೆಯಬೇಡಿ. ಬರೀ ಗೆಲ್ಲುವವನ ಹೆಸರು ಬರೆದರೆ ಸಾಲದು, ಹತ್ತೂ ಹೆಸರು ಬರೆಯಿರಿ. ಸಮಾರಂಭದ ಮುನ್ನಾದಿನ 'ಸೋರಿಕೆಯಾದ ಪಟ್ಟಿ' ಎಂದು ಹರಿದಾಡುವ ಚಿತ್ರಗಳನ್ನು ಆಧಾರ ಮಾಡಿಕೊಳ್ಳಬೇಡಿ.

ಮಾನದಂಡಗಳನ್ನು ಕ್ರಮವಾಗಿಯೇ ನೋಡಬೇಕು: ವೈಯಕ್ತಿಕ ಆಟ ಮೊದಲು, ತಂಡದ ಗೆಲುವು ಆಮೇಲೆ, ನಡವಳಿಕೆ ಕೊನೆಗೆ. ಇಡೀ ವೃತ್ತಿಜೀವನದ ಸಾಧನೆ 2022ರಿಂದ ಲೆಕ್ಕಕ್ಕಿಲ್ಲ.

ಭಾರತ 2024ರಲ್ಲಿ ರ‍್ಯಾಂಕಿಂಗ್‌ನಲ್ಲಿ ನೂರರ ಹೊರಗಿತ್ತು, ಹಾಗಾಗಿ ಆ ಸಲ ಬ್ಯಾಲನ್ ಡಿ'ಓರ್‌ಗೆ ನಮ್ಮ ಪತ್ರಕರ್ತರ ಮತ ಇರಲಿಲ್ಲ. ಫಿಫಾ ಪ್ರಶಸ್ತಿಯಲ್ಲಿ ಹಾಗಲ್ಲ. ಅಲ್ಲಿ ನಾಯಕರು, ಕೋಚ್‌ಗಳು, ಪತ್ರಕರ್ತರು, ಅಭಿಮಾನಿಗಳು, ಈ ನಾಲ್ಕು ಗುಂಪಿಗೂ ಸಮಪಾಲು. ಬೆಂಗಳೂರು ಎಫ್‌ಸಿಯ ಸುನಿಲ್ ಛೆಟ್ರಿ ಭಾರತದ ನಾಯಕರಾಗಿ ಮತ ಹಾಕುತ್ತಿದ್ದದ್ದು ಅದಕ್ಕೇ. 2023ರಲ್ಲಿ ನಾಯಕರು ಮತ್ತು ಅಭಿಮಾನಿಗಳು ಮೆಸ್ಸಿಯನ್ನು, ಕೋಚ್‌ಗಳು ಮತ್ತು ಪತ್ರಕರ್ತರು ಹಾಲಂಡ್‌ರನ್ನು ಮುಂದಿಟ್ಟರು. ಇಬ್ಬರಿಗೂ 48 ಅಂಕ. ಸಮ ಬಂದರೆ ಯಾರನ್ನು ಹೆಚ್ಚು ನಾಯಕರು ಮೊದಲ ಆಯ್ಕೆಯಾಗಿ ಬರೆದಿದ್ದಾರೋ ಅವರಿಗೆ ಪ್ರಶಸ್ತಿ ಎಂಬುದು ನಿಯಮ. ಮೆಸ್ಸಿಯನ್ನು 107 ನಾಯಕರು ಬರೆದಿದ್ದರು, ಹಾಲಂಡ್‌ರನ್ನು 64.