ಕ್ಯಾಮೆರಾ ಇಟ್ಟಿದ್ದ ಕಲ್ಲು ಹುಡುಕಿದ್ದು

ಫೆಬ್ರವರಿ 10, ಬೆಳಿಗ್ಗೆ ಎಂಟೂ ಮುಕ್ಕಾಲು. ಚಿತ್ರದುರ್ಗದ ಕೋಟೆಯೊಳಗೆ ಒಂದು ಇಳಿಜಾರು ಬಂಡೆ ಮೇಲೆ ಮಂಡಿಯೂರಿ, ಒಂದು ಕಣ್ಣು ಮುಚ್ಚಿ, ಮುಖದ ಮುಂದೆ ಪ್ಲಾಸ್ಟಿಕ್ ಹಾಳೆ ಹಿಡಿದು ಕೂತಿದ್ದೆ. ಹಾಳೆ ಮೇಲಿನ ಗೆರೆ ಎದುರಿನ ಬಂಡೆಗಳ ಅಂಚಿನ ಮೇಲೆ ಸರಿಯಾಗಿ ಕೂತಿತು. ನೆರಳೂ ಕೂತಿತು. ಸುಮಾರು ಐವತ್ತು ವರ್ಷದ ಹಿಂದೆ "ನಾಗರಹಾವು" ಚಿತ್ರದ ಕ್ಯಾಮೆರಾ ಇದ್ದ ಜಾಗದಲ್ಲಿ ನನ್ನ ಮಂಡಿ ಇತ್ತು. ಒಂದು ಗೇಣು ಆಕಡೆ ಈಕಡೆ ಇರಬಹುದು, ಅದಕ್ಕಿಂತ ಜಾಸ್ತಿ ಇಲ್ಲ.

ದಾವಣಗೆರೆಯಲ್ಲಿ ನಂದು ಸ್ಟುಡಿಯೋ, ಮದುವೆ ಫೋಟೋ ಕೆಲಸ. ಆ ಚಿತ್ರಕ್ಕೆ ಕ್ಯಾಮೆರಾ ಇಟ್ಟಿದ್ದ ಜಾಗಗಳನ್ನ ಹುಡುಕ್ತೀನಿ ಅಂತ ನಮ್ಮ ಫೋಟೋಗ್ರಾಫರ್ ಬಳಗಕ್ಕೆ ಹೇಳಿದ ದಿನ ಟೀ ಅಂಗಡಿ ಮುಂದೆ ನಕ್ಕಿದ್ದೇ ನಕ್ಕಿದ್ದು. ಕೆಲಸ ಕಲಿಸಿದ ಹಿರಿಯರೊಬ್ಬರು, "ಲೇ ತಮ್ಮ, ಯಾವ ಲೆನ್ಸ್ ಹಾಕಿದ್ರು ಅಂತ್ಲೇ ಗೊತ್ತಿಲ್ಲ, ಜಾಗ ಹೆಂಗೆ ಹುಡುಕ್ತೀಯೋ?" ಅಂದರು. ಭಾಮೈದನ ಮಾತು ಇನ್ನೂ ಖಾರ: "ಭಾವ, ಅದು ಓಬವ್ವನ ಕಿಂಡಿ ಹತ್ರಾನೇ ಇರುತ್ತೆ, ಬೋರ್ಡ್ ಹಾಕವ್ರಲ್ಲ, ಹೋಗಿ ನೋಡ್ಕಂಡು ಬಾ."

ನನಗೆ ಬೇಕಿದ್ದಿದ್ದು ಓಬವ್ವನ ಹಾಡಿನ ಭಾಗ. ಉಳಿದ ಚಿತ್ರವೆಲ್ಲಾ ಸಿನಿಮಾ ತೆಗೆದ ಕಾಲದ್ದೇ, ಪಾಳೇಗಾರರ ಕಾಲಕ್ಕೆ ಹೋಗೋದು ಅಲ್ಲಿ ಮಾತ್ರ. ಜಯಂತಿ ಓಬವ್ವನಾಗಿ ಬರೋ ಆ ಕೆಲವು ನಿಮಿಷದಿಂದ ಹದಿನಾಲ್ಕು ಫ್ರೇಮು ಆರಿಸಿಕೊಂಡೆ. ಹದಿನೆಂಟನೇ ಶತಮಾನದ ಕಥೆ, 1972ರ ಸಿನಿಮಾ, ಅದರ ಹಿಂದೆ ಈಗ ನಾನು.

ಮೊದಲನೇ ದಡ್ಡತನ ಕಾದಂಬರಿ ಓದಿದ್ದು. ಓದಿದ್ದು ತಪ್ಪಲ್ಲ, ಓದಿ ಜಾಗ ಹುಡುಕೋಕೆ ಹೋಗಿದ್ದು ತಪ್ಪು. ತ.ರಾ.ಸು. ಅವರ "ನಾಗರಹಾವು", "ಒಂದು ಗಂಡು ಎರಡು ಹೆಣ್ಣು", "ಸರ್ಪಮತ್ಸರ" ಮೂರೂ ಸೇರಿಸಿ ಪುಟ್ಟಣ್ಣ ಕಣಗಾಲ್ ಒಂದು ಚಿತ್ರ ಮಾಡಿದ್ದು. ಕಾದಂಬರಿಯ ದುರ್ಗ ಲೇಖಕರ ತಲೆಯಲ್ಲಿದ್ದ ದುರ್ಗ, ಪರದೆ ಮೇಲಿನ ದುರ್ಗ ಕ್ಯಾಮೆರಾಕ್ಕೆ ಬೆಳಕು ಸಿಕ್ಕ ಕಡೆಯ ದುರ್ಗ. ಈ ವ್ಯತ್ಯಾಸ ತಲೆಗೆ ಹತ್ತೋಕೆ ನಂಗೆ ಎರಡು ಟ್ರಿಪ್ ಬೇಕಾಯ್ತು. (ತ.ರಾ.ಸು. ಹುಟ್ಟಿದ್ದು ನಮ್ಮ ಮಲೇಬೆನ್ನೂರಲ್ಲಿ. ದುರ್ಗದೋರು ನಮ್ಮೋರು ಅಂತಾರೆ. 1997ರವರೆಗೂ ಎಲ್ಲಾ ಒಂದೇ ಜಿಲ್ಲೆ ಆಗಿತ್ತಲ್ಲ, ಜಗಳ ಯಾಕೆ.)

ಎರಡನೇದು, ಹಳಬರನ್ನ ಕೇಳಿದ್ದು. ಶೂಟಿಂಗ್ ನೋಡಿದ್ದೀನಿ ಅನ್ನೋ ಮೂರು ಜನ ಸಿಕ್ಕರು. ಒಬ್ಬರು ಏಕನಾಥೇಶ್ವರಿ ಗುಡಿ ಕಡೆ ಕೈ ತೋರಿಸಿದರು, ಇನ್ನೊಬ್ಬರು ಗೋಪಾಲಸ್ವಾಮಿ ಹೊಂಡದ ಕಡೆ. ಮೂರನೆಯವರು ಸೈನಿಕರ ಗುಂಪಲ್ಲಿ ತಾವೇ ಇದ್ದೆ ಅಂದರು. ಫ್ರೇಮ್ ತೋರಿಸಿದೆ, ತಮ್ಮನ್ನ ತಾವೇ ಗುರುತು ಹಿಡೀಲಿಲ್ಲ. ಮೂವರಿಗೂ ಮಂಡಕ್ಕಿ ಮೆಣಸಿನಕಾಯಿ ಕೊಡಿಸಿ ವಾಪಸ್ ಬಂದೆ.

ನಿಜವಾಗಿ ಹೊಡೆತ ಬಿದ್ದಿದ್ದು ವಿಡಿಯೋದಿಂದ. ನೆಟ್ಟಲ್ಲಿ ಸಿಕ್ಕ ಪ್ರತಿಯಿಂದ ಫ್ರೇಮ್ ತೆಗೆದು, ಬಂಡೆ ಅಂಚನ್ನ ಗೆರೆ ಮಾಡಿ, ಪಾರದರ್ಶಕ ಹಾಳೆ ಮೇಲೆ ಪ್ರಿಂಟ್ ಹಾಕಿಸಿದ್ದೆ. ಮೂರು ಸಲ ಹೋದೆ. ಕೋಟೆ ತುಂಬಾ ಅಲೆದರೂ ಯಾವ ಬಂಡೆಯೂ ಕೂರಲಿಲ್ಲ. ಒಂದಿನ ರಾತ್ರಿ ಕಂಪ್ಯೂಟರ್ ಮುಂದೆ ಕೂತಾಗ ನಮ್ಮ ಮನೆಯವಳು ಹಿಂದೆ ನಿಂತು, "ಯಾಕ್ರೀ ಎಲ್ರೂ ಹಿಂಗೆ ಊದ್ಕಂಡಾರೆ?" ಅಂದಳು. ಚೌಕದ ಚಿತ್ರಾನ ಅಗಲ ಟಿವಿಗೆ ಎಳೆದು ಕೂರಿಸಿದ್ದರು! ಮೂರು ಇಂಚಿನ ಬಂಡೆ ನಾಲ್ಕು ಇಂಚಾಗಿತ್ತು. ಮದುವೆ ಆಲ್ಬಮ್ ಮಾಡೋ ನನಗೆ ಅದು ಕಾಣಲಿಲ್ಲ, ಅವಳಿಗೆ ಕಂಡಿತು.

2018ರಲ್ಲಿ ಮತ್ತೆ ಬಿಡುಗಡೆಯಾದ ಪ್ರತಿ ಬಹಳ ಚೊಕ್ಕಟ, ಆದರೆ ಅಗಲ ಪರದೆಗೆ ಅಂತ ಮಾಡಿದ್ದು. ಮೇಲೆ ಕೆಳಗೆ ಕತ್ತರಿಸಿದರೆ ಬಂಡೆ ನೆತ್ತಿ ಹೋಗುತ್ತೆ. ನನಗೆ ಬೇಕಿದ್ದಿದ್ದು ನೆತ್ತೀನೇ. ಕೊನೆಗೆ ಮುಚ್ಚಿಹೋದ ಒಂದು ಸಿ.ಡಿ. ಅಂಗಡಿಯವರ ಮನೆ ಅಟ್ಟದಿಂದ ಹಳೇ ವಿಸಿಡಿ ತಂದೆ, 150 ರೂಪಾಯಿ. ಚಿತ್ರ ಮಸುಕು ಮಸುಕು, ಆದರೆ ನೆತ್ತಿಯಿಂದ ಬುಡದವರೆಗೂ ಇತ್ತು.

ಲೆನ್ಸಿನ ವಿಷಯಕ್ಕೆ ಬರ್ತೀನಿ. ನಾನೂ ಮೊದಲು ಹಿರಿಯರ ಮಾತು ನಂಬಿ ಒಂಬತ್ತು ಸಾವಿರ ಕೊಟ್ಟು ಒಂದು ಹಳೇ ಲೆನ್ಸ್ ತಂದೆ. ಏನೂ ಉಪಯೋಗ ಆಗಲಿಲ್ಲ, ಆರೂವರೆ ಸಾವಿರಕ್ಕೆ ಮಾರಿದೆ. ಹತ್ತಿರದ ಬಂಡೆ ದೂರದ ಬಂಡೇನ ಎಲ್ಲಿ ಮುಟ್ಟುತ್ತೆ ಅನ್ನೋದನ್ನ ತೀರ್ಮಾನ ಮಾಡೋದು ನಿಂತ ಜಾಗ. ಲೆನ್ಸ್ ಬದಲಾದರೆ ಚಿತ್ರದಲ್ಲಿ ಎಷ್ಟು ಹಿಡಿಸುತ್ತೆ ಅಷ್ಟೇ ಬದಲಾಗುತ್ತೆ, ಅದನ್ನ ಆಮೇಲೆ ಕತ್ತರಿಸಿಕೊಳ್ಳಬಹುದು. ನಮ್ಮ ಬಳಗದಲ್ಲಿ ಇದು ಎಲ್ಲರಿಗೂ ಗೊತ್ತು, ಆದರೂ ಯಾರೂ ಜೋಡಿಸಿ ನೋಡಿರಲಿಲ್ಲ.

ಹಂಗಾಗಿ ಗೋಡೆ, ಬುರುಜು, ಮೆಟ್ಟಿಲು ಎಲ್ಲಾ ಬಿಟ್ಟೆ. ಪುರಾತತ್ವ ಇಲಾಖೆಯವರು ಎಲ್ಲಿ ಏನು ಸರಿ ಮಾಡಿದ್ದಾರೋ, ನಂಬೋ ಹಾಗಿಲ್ಲ. ಗಿಡವಂತೂ ಬೇಡವೇ ಬೇಡ. ಪ್ರತಿ ಫ್ರೇಮಿಗೂ ಎರಡು ಬಂಡೆ ಇಟ್ಟುಕೊಂಡೆ, ಒಂದು ಹತ್ತಿರದ್ದು ಒಂದು ದೂರದ್ದು. ಎಡಕ್ಕೆ ಒಂದು ಹೆಜ್ಜೆ ಇಟ್ಟರೆ ಹತ್ತಿರದ್ದು ಬಲಕ್ಕೆ ಸರಿಯುತ್ತೆ. ಹಿಂದೆ ಹೋದರೆ ಹತ್ತಿರದ್ದು ಬೇಗ ಸಣ್ಣಗಾಗುತ್ತೆ, ದೂರದ್ದು ಅಷ್ಟಾಗಿ ಆಗಲ್ಲ. ಕೂತರೆ ಹತ್ತಿರದ್ದು ಎದ್ದು ದೂರದ್ದನ್ನ ನುಂಗುತ್ತೆ. ಹೀಗೆ ನುಂಗಿಸಿ ನುಂಗಿಸಿಯೇ ಗೊತ್ತಾಗಿದ್ದು, ನಾಲ್ಕೈದು ಫ್ರೇಮಲ್ಲಿ ಕ್ಯಾಮೆರಾ ಇದ್ದಿದ್ದು ಮೊಣಕಾಲ ಎತ್ತರಕ್ಕೆ. ನಾನು ಅಷ್ಟು ದಿನ ನಿಂತುಕೊಂಡೇ ಹುಡುಕಿದ್ದೆ!

ಬಂಡೆ ಅದೇ ಹೌದಾ ಅನ್ನೋದಕ್ಕೆ ಎರಡು ಗುರುತು. ಮಳೆ ನೀರು ಹರಿದು ಹರಿದು ಬಿದ್ದ ಕರಿ ಪಟ್ಟೆ ಒಂದು. ಇನ್ನೊಂದು ಬೆಣೆ ಗುಳಿ. ಕೋಟೆ ಕಟ್ಟುವಾಗ ಬಂಡೆ ಸೀಳೋಕೆ ಸಾಲಾಗಿ ಕೊರೆದ ಚೌಕದ ಗುಳಿಗಳು ಅಲ್ಲಿ ಸುಮಾರು ಕಡೆ ಇವೆ, ನೋಡಿರ್ತೀರಿ. ಕೆಲವು ಬಂಡೆ ಗುಳಿ ಹೊಡೆಸಿಕೊಂಡೂ ಸೀಳಿಲ್ಲ. ನನ್ನ ಆರನೇ ಫ್ರೇಮಲ್ಲಿ ಸೈನಿಕನ ಹೆಗಲ ಹಿಂದೆ ಇರುವೆ ಸಾಲಿನ ಹಾಗೆ ಏಳು ಚುಕ್ಕಿ ಇದ್ದವು. ವಿಸಿಡಿ ಕೊಳೆ ಅಂತ ಬಿಟ್ಟಿದ್ದೆ. ಸ್ಥಳದಲ್ಲಿ ಬೆರಳಿಟ್ಟು ಎಣಿಸಿದೆ, ಏಳು. ಐದನೇದು ಮಾತ್ರ ಸ್ವಲ್ಪ ಕೆಳಗೆ ಜಾರಿದೆ, ಫ್ರೇಮಲ್ಲೂ ಹಾಗೇ. ಆವತ್ತು ಮೈಮೇಲೆ ಮುಳ್ಳೆದ್ದಿತ್ತು, ಸುಳ್ಳು ಹೇಳಲ್ಲ.

ಹಾಳೆ ಹಿಡಿಯೋದು ಸುಲಭ ಅಂದುಕೊಳ್ಳಬೇಡಿ. ದುರ್ಗದ ಗಾಳಿ ಗೊತ್ತಲ್ಲ, ಪಟಪಟ ಹೊಡೆದುಕೊಳ್ಳುತ್ತೆ. ಹಳೇ ಫೋಟೋ ಫ್ರೇಮಿನ ಗಾಜಿಗೆ ಅಂಟಿಸಿದೆ, ಮೂರನೇ ದಿನ ಒಡೀತು. ಆಮೇಲೆ ಆಕ್ರಿಲಿಕ್ ಹಾಳೆ, 650 ರೂಪಾಯಿ. ಟ್ರೈಪಾಡು ಒಳಗೆ ಬಿಡಲ್ಲ, ಅನುಮತಿ ಬೇಕು. ಗೇಟಲ್ಲಿ, "ಸ್ಟ್ಯಾಂಡ್ ಒಳಗೆ ತರಂಗಿಲ್ಲ ಅಣ್ಣಾ" ಅಂದರು, ವಾದ ಮಾಡಲಿಲ್ಲ. ಅಕ್ಕಿ ತುಂಬಿದ ಸಣ್ಣ ಚೀಲ ಬಂಡೆ ಮೇಲಿಟ್ಟು ಅದರ ಮೇಲೆ ಕ್ಯಾಮೆರಾ ಕೂರಿಸಿದೆ, ಮೊಣಕಾಲ ಎತ್ತರಕ್ಕೆ ಅದೇ ಸಾಕು. ಕಣ್ಣಿಂದ ಹಾಳೆಗೆ ಎಷ್ಟು ದೂರ ಇರಬೇಕು ಅನ್ನೋದಕ್ಕೆ ಒಂದು ದಾರ ಕಟ್ಟಿ ಹಲ್ಲಲ್ಲಿ ಕಚ್ಚಿಕೊಳ್ತೀನಿ. ದಾರದ ಉದ್ದ ಹೆಂಗೆ ಲೆಕ್ಕ ಹಾಕಿದೆ ಅನ್ನೋದು ನನ್ನ ಹತ್ರಾನೇ ಇರಲಿ, ನಾನೂ ಬದುಕಬೇಕು.

ನೆರಳಿನ ಕಥೆ ಬೇರೆ. ಒಂದೇ ನೆರಳು ವರ್ಷಕ್ಕೆ ಎರಡು ಸಲ ಬರುತ್ತೆ. ನವೆಂಬರ್ 1ರ ಸುಮಾರಿಗೆ ಬಿದ್ದಿದ್ದು ಮತ್ತೆ ಬೀಳೋದು ಫೆಬ್ರವರಿ 10ರ ಸುಮಾರಿಗೆ. ಆರನೇ ಫ್ರೇಮಿನ ನೆರಳು ರಾಜ್ಯೋತ್ಸವದ ದಿನವೇ ಸಿಕ್ಕಿತ್ತು, ಎಂಟೂಕಾಲಕ್ಕೆ. ಕೋಟೆ ತುಂಬಾ ಶಾಲೆ ಮಕ್ಕಳು, ಮಕ್ಕಳ ಕೈಲಿ ತಿಂಡಿ, ತಿಂಡಿ ಹಿಂದೆ ಕೋತಿ. ನಾನು ಇನ್ನೊಂದು ಮೊಳ ಹಿಂದೆ ಸರಿಯಬೇಕಿತ್ತು, ಅಷ್ಟರಲ್ಲಿ ಒಂದು ಗಂಡು ಕೋತಿ ಹಾಳೆ ಕಿತ್ತುಕೊಂಡು ಬಂಡೆ ಹತ್ತಿತು. ಮೇಲೆ ಕೂತು ನೆಕ್ಕಿ ನೋಡಿ, ರುಚಿ ಇಲ್ಲ ಅಂತ ಆಕಡೆ ಕಮರಿಗೆ ಎಸೀತು. ಮಾರನೇ ದಿನದಿಂದ ವಾರಪೂರ್ತಿ ಮೋಡ, ಆಮೇಲೆ ಲಗ್ನದ ಸೀಸನ್ನು. ಮೂರು ತಿಂಗಳು ಕಾದೆ. ಫೆಬ್ರವರಿ 10ಕ್ಕೆ ಒಂದು ನಿಶ್ಚಿತಾರ್ಥದ ಆರ್ಡರ್ ಇತ್ತು, ಹದಿನೆಂಟು ಸಾವಿರದ್ದು. ಅಡ್ವಾನ್ಸ್ ವಾಪಸ್ ಕೊಟ್ಟೆ. ಮನೆಯಲ್ಲಿ ಎರಡು ದಿನ ಮಾತಿಲ್ಲ.

ಆವತ್ತೂ ಎಂಟೂಕಾಲಕ್ಕೆ ತಯಾರಾಗಿ ಕೂತರೆ ನೆರಳು ಬರಲೇ ಇಲ್ಲ. ಲೆಕ್ಕ ತಪ್ಪಿತು ಅಂತ ಚೀಲ ಕಟ್ಟೋಕೆ ಶುರು ಮಾಡಿದ್ದೆ. ಎಂಟೂ ಮುಕ್ಕಾಲಕ್ಕೆ ತಾನೇ ಬಂದು ಕೂತಿತು. ಸೂರ್ಯನೂ ನಮ್ಮ ಗಡಿಯಾರವೂ ವರ್ಷವಿಡೀ ಜೊತೆಯಾಗಿ ನಡೆಯಲ್ಲ. ನವೆಂಬರ್ ಮೊದಲಲ್ಲಿ ಸೂರ್ಯ ಹದಿನಾರು ನಿಮಿಷ ಮುಂದೆ, ಫೆಬ್ರವರಿ ನಡುವೆ ಹದಿನಾಲ್ಕು ನಿಮಿಷ ಹಿಂದೆ. ಎರಡೂ ಸೇರಿ ಅರ್ಧ ಗಂಟೆ. ಇದನ್ನ ಮೊದಲೇ ತಿಳಿದುಕೊಂಡಿದ್ದೆ ಅಂತ ಈಗ ಎಲ್ಲರಿಗೂ ಹೇಳ್ತೀನಿ.

ಖರ್ಚು ಬಾಯಿಲೆಕ್ಕದಲ್ಲಿ: ಹನ್ನೆರಡು ಟ್ರಿಪ್ಪು, ಬೈಕಿನ ಪೆಟ್ರೋಲು ಮೂರೂವರೆ ಸಾವಿರದ ಮೇಲೆ, ಕೋಟೆ ಟಿಕೆಟ್ಟು ಪ್ರತಿ ಸಲ 25, ಹಾಳೆ ಪ್ರಿಂಟು ಒಂದು ಸಾವಿರ, ಲೆನ್ಸಲ್ಲಿ ಎರಡೂವರೆ ಲುಕ್ಸಾನು. ಆಕ್ರಿಲಿಕ್, ವಿಸಿಡಿ ಎಲ್ಲಾ ಸೇರಿ ಎಂಟು ಸಾವಿರದ ಆಸುಪಾಸು. ಹೋದ ಆರ್ಡರ್ ಇದರಲ್ಲಿ ಸೇರಿಸಿಲ್ಲ, ಸೇರಿಸಿದರೆ ಹೊಟ್ಟೆ ಉರಿಯುತ್ತೆ.

ಆದರೆ ಇದೇ ದಾರ, ಇದೇ ಹಾಳೆಯಿಂದ ಇನ್ನೊಂದು ಬಾಗಿಲು ತೆರೀತು. ನಮ್ಮಪ್ಪ ಅಮ್ಮ ಮದುವೆ ಹೊಸದರಲ್ಲಿ ಚಂದ್ರವಳ್ಳಿಯಲ್ಲಿ ತೆಗೆಸಿಕೊಂಡ ಒಂದು ಕಪ್ಪು ಬಿಳುಪು ಫೋಟೋ ಇತ್ತು. ಸುಮ್ಮನೆ ಪ್ರಯೋಗ ಅಂತ ಅದರ ಜಾಗ ಹುಡುಕಿದೆ, ಒಂದೇ ಮಧ್ಯಾಹ್ನದಲ್ಲಿ ಸಿಕ್ಕಿತು. ಅಮ್ಮನನ್ನ ಕರಕೊಂಡು ಹೋಗಿ ಅಲ್ಲೇ ಕೂರಿಸಿದೆ. ಅಪ್ಪ ಇಲ್ಲ, ಅವರು ಕೂತಿದ್ದ ಕಡೆ ಖಾಲಿ ಬಿಟ್ಟು ತೆಗೆದೆ. ಅಮ್ಮ ಖಾಲಿ ಕಲ್ಲು ಸವರಿ, "ಬಿಸಿ ಐತೆ ನೋಡೋ" ಅಂದಳು. ಅದನ್ನ ಸ್ಟುಡಿಯೋದಲ್ಲಿ ಹಾಕಿದ ಮೇಲೆ ಜನ ಹಳೇ ಫೋಟೋ ಹಿಡಕೊಂಡು ಬರ್ತಿದ್ದಾರೆ. ಒಂದಕ್ಕೆ 2,500, ಪೆಟ್ರೋಲು ಬೇರೆ. ಇಲ್ಲಿವರೆಗೆ ಏಳು ಆಗಿವೆ. ಆವತ್ತು ನಕ್ಕ ಹಿರಿಯರೂ ತಮ್ಮ ಜೋಗಿಮಟ್ಟಿ ಫೋಟೋ ಕೊಟ್ಟಿದ್ದಾರೆ, ಅವರ ಹತ್ತಿರ ದುಡ್ಡು ತಗೊಳ್ಳಲಿಲ್ಲ, ಟೀ ಮಾತ್ರ ಕುಡಿದೆ.

ಹದಿನಾಲ್ಕರಲ್ಲಿ ಒಂಬತ್ತು ಫ್ರೇಮು ಕೂತಿವೆ. ಮೂರು ಬರೀ ಮುಖದ ಹತ್ತಿರದ ಶಾಟು, ಬಂಡೆಯೇ ಕಾಣಲ್ಲ, ಕೈಬಿಟ್ಟೆ. ಕಿಂಡಿಯ ಶಾಟ್ ಬಗ್ಗೆ ನನ್ನ ಲೆಕ್ಕವೇ ಬೇರೆ ಇದೆ, ಪಕ್ಕಾ ಆಗೋವರೆಗೆ ಬಾಯಿ ಬಿಡಲ್ಲ. ಉಳಿದ ಒಂದರಲ್ಲಿ ನೆರಳು ಕಾಲ ಬುಡಕ್ಕೇ ಬಿದ್ದಿದೆ. ಅಂಥ ನೆರಳು ನಮ್ಮ ಕಡೆ ಬೀಳೋದು ಸೂರ್ಯ ನೇರ ನೆತ್ತಿ ಮೇಲೆ ಬಂದಾಗ, ಏಪ್ರಿಲ್ ಕೊನೆಗೆ, ಮತ್ತೆ ಆಗಸ್ಟ್ ನಡುವೆ. ಆಗಸ್ಟಲ್ಲಿ ಮೋಡ. ಏಪ್ರಿಲ್ 28ಕ್ಕೆ ಡೈರಿಯಲ್ಲಿ ಗೆರೆ ಎಳೆದಿದ್ದೀನಿ. ಈ ಸಲ ಹಾಳೆ ಎರಡು ಪ್ರತಿ ಮಾಡಿಸಿದ್ದೀನಿ.